ಮೊದಲು ನೆರಳು, ಆಮೇಲೆ ಕೋಳಿ

ಕೋಳಿ ಮೂಲದಲ್ಲಿ ಕಾಡಿನ ಹಕ್ಕಿ. ಇವತ್ತು ಹಿತ್ತಿಲಲ್ಲಿ ಓಡಾಡುವ ಎಲ್ಲ ಕೋಳಿಗಳ ಹಿರೀಕ ಕೆಂಪು ಕಾಡುಕೋಳಿ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕಾಡುಗಳಲ್ಲಿ, ಬಿದಿರು ಮೆಳೆಗಳ ಬುಡದಲ್ಲಿ ತರಗೆಲೆ ಕೆದಕುತ್ತಾ ಬದುಕುವ ಹಕ್ಕಿ ಅದು. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ ಹಳೆಯ ಕೋಳಿ ಮೂಳೆಗಳ ಮೇಲೆ 2022ರಲ್ಲಿ ಒಂದು ಅಧ್ಯಯನ ಬಂತು. ಸುಮಾರು 3,500 ವರ್ಷಗಳ ಹಿಂದೆ ಈ ಹಕ್ಕಿಯನ್ನು ಮನುಷ್ಯರ ಹತ್ತಿರಕ್ಕೆ ಎಳೆದದ್ದು ಭತ್ತದ ಬೆಳೆ ಅಂತ ಅದರಲ್ಲಿ ಹೇಳಿದ್ದಾರೆ. ಭತ್ತ ಅಂದರೆ ಕಾಳು, ಕಾಡಂಚು ಅಂದರೆ ನೆರಳು. ಅಂಥ ಕಡೆಯಿಂದ ಬಂದ ಹಕ್ಕಿಯನ್ನು ನಾವು ವರ್ಷಕ್ಕೆ ನಾಲ್ಕು ಹನಿ ಬೀಳದ, ಮಧ್ಯಾಹ್ನ ನೆಲ ಮುಟ್ಟಲಾಗದ ಮರಳುಗಾಡಿಗೆ ತಂದು ಬಿಟ್ಟಿದ್ದೇವೆ.

ತಂದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಾನೇ ಸಾಕುತ್ತಿದ್ದೇನೆ, ಬಹಳ ಪ್ರೀತಿಯಿಂದ ಸಾಕುತ್ತಿದ್ದೇನೆ. ಆದರೆ ಕೋಳಿ ತರಬೇಕು ಅಂತ ಯೋಚಿಸುವವರು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ಯಾವ ತಳಿ, ಎಷ್ಟು ಮೊಟ್ಟೆ? ನನಗನಿಸುವಂತೆ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಹಿತ್ತಿಲಲ್ಲಿ ನೆರಳು ಎಲ್ಲಿರುತ್ತದೆ?

ಕೋಳಿಯ ಮೈ ನಮ್ಮ ಮೈಯಂತಲ್ಲ. ಅದರ ಸಹಜ ಉಷ್ಣತೆಯೇ 41ರಿಂದ 42 ಡಿಗ್ರಿ. ಅದಕ್ಕೆ ಬೆವರಿನ ಗ್ರಂಥಿ ಇಲ್ಲ. ಮೈತುಂಬ ಪುಕ್ಕ ಬೇರೆ. ಹವೆ ತಂಪಾಗಿದ್ದಾಗ ಮೈಯ ಬಿಸಿ ಜುಟ್ಟಿನಿಂದ, ಕೊಕ್ಕಿನ ಕೆಳಗೆ ಜೋಲುವ ಕೆಂಪು ತೊಗಲಿನಿಂದ, ಬೋಳು ಕಾಲುಗಳಿಂದ ಸುಮ್ನೆ ಗಾಳಿಗೆ ಹೋಗುತ್ತದೆ. ಹವೆ ಸುಮಾರು 30 ಡಿಗ್ರಿ ಮುಟ್ಟಿತು ಅಂದರೆ ಅಷ್ಟು ಸಾಲುವುದಿಲ್ಲ, ಕೋಳಿ ಏದುಸಿರು ಬಿಡಲು ಶುರು ಮಾಡುತ್ತದೆ. ಹವೆ 41 ದಾಟಿದರೆ ಲೆಕ್ಕವೇ ತಿರುಗಿಬಿಡುತ್ತದೆ. ಆಗ ಹೊರಗಿನ ಗಾಳಿಯೇ ಕೋಳಿಗಿಂತ ಬಿಸಿ. ಮೈಯಿಂದ ಗಾಳಿಗೆ ಹೋಗಬೇಕಾದ ಬಿಸಿ ಗಾಳಿಯಿಂದ ಮೈಗೆ ಬರುತ್ತದೆ. ಉಳಿಯುವ ದಾರಿ ಒಂದೇ: ಬಾಯಿ, ಗಂಟಲುಗಳ ತೇವ ಆರಬೇಕು, ಆರುವಾಗ ಬಿಸಿಯನ್ನು ಹೊತ್ತುಕೊಂಡು ಹೋಗಬೇಕು.

ಇದನ್ನು ಹತ್ತಿರ ಕೂತು ನೋಡಬೇಕು. ಹೇಂಟೆ ನೆರಳಿನಲ್ಲಿ ನಿಂತಿರುತ್ತದೆ, ಕೂರುವುದಿಲ್ಲ. ಎರಡೂ ರೆಕ್ಕೆಗಳನ್ನು ಮೈಯಿಂದ ಸ್ವಲ್ಪ ಎತ್ತಿ, ಕೆಳಗಿನ ಪುಕ್ಕ ತೆಳ್ಳಗಿರುವ ಜಾಗಕ್ಕೆ ಗಾಳಿ ಬಿಡುತ್ತದೆ. ಬಾಯಿ ತೆರೆದಿರುತ್ತದೆ, ನಾಲಿಗೆ ಮುಂದೆ ಬಂದಿರುತ್ತದೆ. ಕೊಕ್ಕಿನ ಕೆಳಗಿನ ಗಂಟಲಿನ ಚರ್ಮ ಪಟಪಟ ಅದುರುತ್ತಿರುತ್ತದೆ. ಉಸಿರು ನಿಮಿಷಕ್ಕೆ 150 ಸಲ ದಾಟುವುದೂ ಉಂಟು. ಜುಟ್ಟು ಕೆಂಪಗೆ ಬಿಗಿದಿದ್ದರೆ, ಕಣ್ಣು ತೆರೆದಿದ್ದರೆ ಅದು ಇನ್ನೂ ತಾನೇ ನಿಭಾಯಿಸುತ್ತಿದೆ. ಜುಟ್ಟು ಬಿಳಿಚಿಕೊಂಡು, ಕಣ್ಣು ಅರ್ಧ ಮುಚ್ಚಿ, ಕಾಲು ತಡವರಿಸಿದರೆ ನೋಡುತ್ತಾ ನಿಲ್ಲುವ ಹೊತ್ತಲ್ಲ. ತಕ್ಷಣ ಎತ್ತಿಕೊಂಡು, ತಲೆ ಮೇಲಿರುವಂತೆ ಹಿಡಿದು, ಕಾಲು ಮತ್ತು ಎದೆಯ ತನಕ ತಣ್ಣೀರಿನ ಬಕೆಟ್ಟಿನಲ್ಲಿ ಇಳಿಸಬೇಕು. ಐಸ್ ನೀರು ಬೇಡ. ಬೆನ್ನ ಮೇಲೆ ನೀರು ಸುರಿದರೂ ಪ್ರಯೋಜನ ಕಡಿಮೆ, ಮೇಲಿನ ಗರಿಗಳ ಮೇಲಿಂದ ಜಾರಿ ಹೋಗುತ್ತದೆ. ನೀರು ಮುಟ್ಟಬೇಕಾದದ್ದು ಕಾಲನ್ನು, ರೆಕ್ಕೆಯ ಅಡಿಯನ್ನು, ಚರ್ಮವನ್ನು.

ಮರಳುಗಾಡು ಕೋಳಿಗೆ ಕೊಡುವ ಒಂದು ಉಪಕಾರವೂ ಇದೆ, ಅದು ಒಣ ಗಾಳಿ. ತೇವ ಬೇಗ ಆರುವುದರಿಂದ ಏದುಸಿರು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಬೆವರು ಆರದ ಜಿಗುಟು ಹವೆಯಲ್ಲಿ ಇಲ್ಲಿಗಿಂತ ಕಡಿಮೆ ಡಿಗ್ರಿಯಲ್ಲೇ ಕೋಳಿ ಸೋಲುತ್ತದೆ. ಹಾಗಾಗಿ ನನಗೆ ಭಯ ಹುಟ್ಟಿಸುವುದು ಉರಿಬಿಸಿಲಿನ ದಿನಗಳಿಗಿಂತ ಮೋಡ ಕಟ್ಟಿ ಮಳೆ ಬಾರದೆ ಉಸಿರು ಕಟ್ಟಿಸುವ ಆ ಕೆಲವು ದಿನಗಳು. ಅವತ್ತು ಗೂಡಿನೊಳಗೆ ನೀರು ಚಿಮ್ಮಿಸಿದರೆ ಕೋಳಿಗೆ ಉಪದ್ರವವೇ ಜಾಸ್ತಿ. ಅವತ್ತು ಬೇಕಾದದ್ದು ಬರೀ ಗಾಳಿಯಾಟ. ಬೇಸಿಗೆಯ ಮೊದಲ ಬಿಸಿ ಅಲೆಯೂ ಹಾಗೆಯೇ. ಬಿಸಿಲು ನಿಧಾನವಾಗಿ ಏರಿದರೆ ಕೋಳಿಯ ಮೈ ಒಗ್ಗಿಕೊಳ್ಳುತ್ತದೆ. ನಿನ್ನೆ 32, ಇವತ್ತು 42 ಅಂತಾದರೆ ಒಗ್ಗಲು ಸಮಯವೆಲ್ಲಿ? ಮುಂದೆ ಬರುವ 45ರ ದಿನವನ್ನು ತಡೆದುಕೊಳ್ಳುವ ಹಕ್ಕಿಯೇ ಆ ಮೊದಲ ದಿನ ಕುಸಿಯಬಹುದು.

ಈಗ ನೆರಳಿಗೆ ಬರುತ್ತೇನೆ. ನನ್ನ ಪ್ರಕಾರ ಉಳಿದದ್ದೆಲ್ಲ ಇದರ ಮುಂದೆ ಸಣ್ಣದು.

ನೆರಳುಗಳಲ್ಲಿ ವ್ಯತ್ಯಾಸ ಇದೆ. ತಗಡಿನ ಕೆಳಗಿನ ನೆರಳು ನೋಡಲು ನೆರಳು, ಆದರೆ ಕಾದ ತಗಡು ತನ್ನ ಬಿಸಿಯನ್ನು ಕೆಳಗೆ ಸುರಿಯುತ್ತಲೇ ಇರುತ್ತದೆ. ಅದರ ಕೆಳಗೆ ನಿಂತು ತಲೆಯ ಮೇಲೆ ಅಂಗೈ ಎತ್ತಿ ಹಿಡಿಯಿರಿ, ಗೊತ್ತಾಗುತ್ತದೆ. ತಗಡು ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನುವವರು ಅದರ ಮೇಲೆ ಒಂದು ಗೇಣು ಎತ್ತರಕ್ಕೆ ಇನ್ನೊಂದು ಹೊದಿಕೆ ಹಾಕಲಿ. ಚಾಪೆಯೋ ಗರಿಯೋ ಶೇಡ್ ನೆಟ್ಟೋ, ಯಾವುದಾದರೂ ಸರಿ. ನಡುವೆ ಗಾಳಿ ಹರಿಯಬೇಕು, ಅಷ್ಟೇ. ಮೇಲೆ ಸುಣ್ಣ ಬಳಿದರೆ ಇನ್ನೂ ಒಳ್ಳೆಯದು. ಗೂಡನ್ನು ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಕಟ್ಟಬೇಕು, ಆಗ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಬೀಳುವುದು ಸಣ್ಣ ಗೋಡೆಗಳ ಮೇಲೆ ಮಾತ್ರ. ಉದ್ದನೆಯ ಎರಡೂ ಬದಿಗಳಿಗೆ ಗೋಡೆ ಬೇಡ, ಜಾಲರಿ ಸಾಕು.

ಎಲ್ಲಕ್ಕಿಂತ ಒಳ್ಳೆಯದು ಮರದ ನೆರಳು. ಎಲೆಗಳು ನೀರು ಬಿಡುತ್ತಿರುತ್ತವೆ, ಆದ್ದರಿಂದ ತಗಡಿನಂತೆ ಕಾಯುವುದಿಲ್ಲ. ಒಣ ಸೀಮೆಯಲ್ಲಿ ಬದುಕುವ ಮರಗಳು ಕಡಿಮೆಯೇನಿಲ್ಲ: ಬನ್ನಿ, ಬೋರೆ, ನುಗ್ಗೆ, ಜಾಲಿ. ಸ್ವಲ್ಪ ನೀರು ಕೊಡುವ ಶಕ್ತಿ ಇದ್ದರೆ ನಾನು ಹಿಪ್ಪುನೇರಳೆಗೆ ಮತ ಹಾಕುತ್ತೇನೆ. ಬೇಸಿಗೆಯಲ್ಲಿ ದಟ್ಟ ನೆರಳು ಕೊಡುತ್ತದೆ, ಚಳಿ ಬೀಳುವ ಕಡೆ ಚಳಿಗಾಲಕ್ಕೆ ಎಲೆ ಉದುರಿಸಿ ಬಿಸಿಲನ್ನು ಒಳಗೆ ಬಿಡುತ್ತದೆ, ಉದುರುವ ಹಣ್ಣು ಕೋಳಿಗಳ ಪಾಲು. ಗಿಡವನ್ನು ಪಶ್ಚಿಮಕ್ಕೆ ನೆಡಬೇಕು. ಕೊಲ್ಲುವುದು ನಡುಮಧ್ಯಾಹ್ನದ ನೆತ್ತಿಯ ಸೂರ್ಯನಿಗಿಂತ ಹೆಚ್ಚಾಗಿ ಮೂರರಿಂದ ಐದರ ನಡುವಿನ ಓರೆ ಸೂರ್ಯ. ಅಷ್ಟು ಹೊತ್ತಿಗೆ ನೆಲ, ಗೋಡೆ, ಗಾಳಿ ಎಲ್ಲವೂ ಕಾದು ಕೂತಿರುತ್ತವೆ. ನೆಟ್ಟ ಗಿಡದ ಸುತ್ತ ಕೈಗೆ ಎತ್ತಲಾಗುವಷ್ಟು ದೊಡ್ಡ ಕಲ್ಲುಗಳನ್ನು ಹಾಸಿಡಿ. ಇಲ್ಲದಿದ್ದರೆ ಕೋಳಿಗಳು ನೀರು ಹಾಕಿದ ತಂಪು ಮಣ್ಣನ್ನೇ ಹುಡುಕಿಕೊಂಡು ಬಂದು, ಬೇರು ಕಾಣುವ ತನಕ ಕೆದಕಿ, ಅದರಲ್ಲೇ ಗುಂಡಿ ಮಾಡಿಕೊಂಡು ಮಲಗುತ್ತವೆ. ಮಲಗುವುದು ಅವಕ್ಕೆ ಒಳ್ಳೆಯದು, ಗಿಡಕ್ಕೆ ಸಾವು.

ಫ್ಯಾನು, ಫಾಗರ್, ಐಸ್ ಬಾಟಲಿ ಇವೆಲ್ಲ ಆಮೇಲಿನ ಮಾತು. ಒಣ ಗಾಳಿಯಲ್ಲಿ ಸಣ್ಣ ಹನಿ ಚಿಮ್ಮಿಸುವ ಫಾಗರ್ ನಿಜಕ್ಕೂ ಹವೆಯನ್ನು ಇಳಿಸುತ್ತದೆ. ಆದರೆ ಕರೆಂಟು ಹೋದ ದಿನ ಅದೂ ಇಲ್ಲ, ಫ್ಯಾನೂ ಇಲ್ಲ. ಮರಕ್ಕೆ ಕರೆಂಟು ಬೇಡ. ನಾನು ಮಾಡುವುದು ಬಹಳ ಸಣ್ಣ ಕೆಲಸ. ಮರದ ಕೆಳಗೆ ಒಂದು ಮಂಚದಷ್ಟು ಜಾಗದ ಮರಳನ್ನು ಮಧ್ಯಾಹ್ನ ಒಂದು ಸಲ, ಆಮೇಲೆ ಇನ್ನೊಂದು ಸಲ ನೆನೆಸುತ್ತೇನೆ. ಗೂಡಿನ ಗಾಳಿ ಬರುವ ಕಡೆಗೆ ಒದ್ದೆ ಗೋಣಿ ತಾಟು ನೇತುಹಾಕುತ್ತೇನೆ. ಕೋಳಿಗಳು ಆ ಒದ್ದೆ ಮರಳನ್ನು ಕಾಲಿನಿಂದ ಬಗೆದು, ಹೊಟ್ಟೆ ತಾಗಿಸಿ ಮಲಗುತ್ತವೆ. ಗೂಡಿನ ಒಳಗಿನ ನೆಲ ಮಾತ್ರ ಒಣಗಿಯೇ ಇರಬೇಕು. ಮರಳುಗಾಡಿನಲ್ಲಿ ಹಿಕ್ಕೆ ಬಿದ್ದ ಸ್ವಲ್ಪ ಹೊತ್ತಿಗೆ ಒಣಗುತ್ತದೆ. ಅದರಿಂದ ವಾಸನೆ ಕಡಿಮೆ, ತೇವದಲ್ಲಿ ಬೆಳೆಯುವ ರಕ್ತಭೇದಿಯಂಥ ರೋಗಗಳೂ ಕಡಿಮೆ. ತಂಪು ಮಾಡಲು ಹೋಗಿ ಗೂಡನ್ನು ಕೆಸರು ಮಾಡಿದರೆ ಆ ಲಾಭವನ್ನು ನಾವೇ ಕೈಯಾರೆ ಕಳೆದುಕೊಂಡ ಹಾಗೆ.

ನೀರಿನ ಕಥೆ ಬೇರೆ. ಸಾಮಾನ್ಯ ಹವೆಯಲ್ಲಿ ಒಂದು ಹೇಂಟೆ ದಿನಕ್ಕೆ ಸುಮಾರು ಕಾಲು ಲೀಟರ್ ಕುಡಿಯುತ್ತದೆ. ಕಡು ಬೇಸಿಗೆಯಲ್ಲಿ ಅದು ಅರ್ಧ ಲೀಟರ್ ದಾಟುತ್ತದೆ. ಏದುಸಿರಿನಲ್ಲಿ ಹೋಗುವುದೆಲ್ಲ ನೀರೇ ಅಲ್ವಾ? ಆದರೆ ನೀರು ಇಟ್ಟರೆ ಸಾಲದು, ಅದು ತಣ್ಣಗಿರಬೇಕು. ನೀರು ಮೈಯಷ್ಟೇ ಬಿಸಿಯಾದರೆ ಕೋಳಿ ಕೊಕ್ಕು ಅದ್ದಿ, ತಲೆ ಕೊಡವಿ ಹಿಂದೆ ಸರಿಯುತ್ತದೆ. ಪಾತ್ರೆ ತುಂಬಿರುತ್ತದೆ, ಹಕ್ಕಿ ಬಾಯಾರಿರುತ್ತದೆ. ನಲ್ಲಿಯ ಪೈಪು ಬಿಸಿಲಲ್ಲಿ ಹಾದು ಬಂದಿದ್ದರೆ ಮೊದಲು ಬರುವ ನೀರು ಕೈ ಸುಡುತ್ತದೆ, ಅದನ್ನು ಗಿಡದ ಬುಡಕ್ಕೆ ಬಿಟ್ಟು ಆಮೇಲೆ ಪಾತ್ರೆ ತುಂಬಬೇಕು. ಕಪ್ಪು ಪ್ಲಾಸ್ಟಿಕ್ ಬೇಡವೇ ಬೇಡ. ಬಾಯಗಲದ ಮಣ್ಣಿನ ಪಾತ್ರೆಯಷ್ಟು ಒಳ್ಳೆಯದು ನಾನು ಇನ್ನೊಂದು ಕಂಡಿಲ್ಲ. ಅದರ ಗೋಡೆಯಿಂದ ಜಿನುಗುವ ತೇವ ಒಣ ಗಾಳಿಗೆ ಆರುತ್ತಾ ಒಳಗಿನ ನೀರನ್ನು ತಣ್ಣಗಿಡುತ್ತದೆ. ಪಾತ್ರೆ ಒಂದೇ ಇದ್ದರೆ ಗಟ್ಟಿ ಕೋಳಿ ಕಾವಲು ನಿಂತು ಮೆತ್ತಗಿನ ಕೋಳಿಯನ್ನು ಹತ್ತಿರ ಬಿಡುವುದಿಲ್ಲ. ಒಂದಕ್ಕೊಂದು ಕಾಣದ ಹಾಗೆ ಎರಡು ಮೂರು ಕಡೆ ಇಡಬೇಕು. ಕೊಳವೆಬಾವಿಯ ನೀರು ತೀರಾ ಉಪ್ಪಾಗಿದ್ದರೆ ಹಿಕ್ಕೆ ನೀರಾಗುತ್ತದೆ. ಅಂಥ ನೀರಿಗೆ ಮತ್ತೆ ಎಲೆಕ್ಟ್ರೊಲೈಟ್ ಅನ್ನುವ ಲವಣಗಳ ಪುಡಿ ಸೇರಿಸುವುದು ಬೇಡ. ನೀರು ಸಿಹಿಯಿದ್ದರೂ ಪುಡಿ ಬೆರೆಸಿದ ಪಾತ್ರೆಯ ಪಕ್ಕದಲ್ಲಿ ಸಾದಾ ನೀರಿನ ಪಾತ್ರೆ ಇರಲೇಬೇಕು.

ಮೇವನ್ನು ಬೆಳಕು ಹರಿಯುವ ಹೊತ್ತಿಗೆ ಮತ್ತು ಸೂರ್ಯ ಇಳಿದ ಮೇಲೆ ಕೊಡುತ್ತೇನೆ. ತಿಂದದ್ದು ಅರಗುವಾಗ ಮೈಯೊಳಗೆ ಬಿಸಿ ಹುಟ್ಟುತ್ತದೆ, ಆ ಬಿಸಿ ಏರುವುದು ತಿಂದ ಕೆಲವು ಗಂಟೆಗಳ ಮೇಲೆ. ಹತ್ತು ಗಂಟೆಗೆ ಹೊಟ್ಟೆ ತುಂಬ ತಿಂದ ಕೋಳಿ ಹೊರಗಿನ ಬಿಸಿ, ಒಳಗಿನ ಬಿಸಿ ಎರಡನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಮಧ್ಯಾಹ್ನ ಏನಾದರೂ ಕೊಡಲೇಬೇಕು ಅನಿಸಿದರೆ ಕಲ್ಲಂಗಡಿ ಸಿಪ್ಪೆ, ಸೌತೆಕಾಯಿ.

ಇನ್ನು ಮೊಟ್ಟೆ. ಬೇಸಿಗೆಯಲ್ಲಿ ಮೊಟ್ಟೆ ಕಡಿಮೆಯಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಇಟ್ಟ ಮೊಟ್ಟೆಯ ಚಿಪ್ಪು ಯಾಕೆ ತೆಳ್ಳಗಾಗುತ್ತದೆ ಅನ್ನುವುದು ನನಗೆ ಬಹಳ ಹಿಡಿಸಿದ ವಿಷಯ. ಮೇವು ಕಡಿಮೆ ತಿಂದು ಸುಣ್ಣದ ಅಂಶ ಕಡಿಮೆಯಾಗುವುದು ಒಂದು ಕಾರಣ. ಇನ್ನೊಂದು ಕಾರಣ ಉಸಿರಿನಲ್ಲೇ ಇದೆ. ಮೊಟ್ಟೆ ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಏದುಸಿರಿನ ಜೊತೆ ಕಾರ್ಬನ್ ಡೈಆಕ್ಸೈಡ್ ರಾಶಿ ರಾಶಿ ಹೊರಗೆ ಹೋಗುತ್ತದೆ. ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕೊರತೆಯಾಗುತ್ತದೆ, ರಕ್ತದಲ್ಲಿ ಬಳಕೆಗೆ ಸಿಗುವ ಕ್ಯಾಲ್ಸಿಯಂ ಕೂಡ ತಗ್ಗುತ್ತದೆ. ತನ್ನ ಜೀವ ಉಳಿಸಿಕೊಳ್ಳಲು ಬಿಡುವ ಉಸಿರೇ ಮೊಟ್ಟೆಯ ಚಿಪ್ಪನ್ನು ತೆಳ್ಳಗೆ ಮಾಡುತ್ತದೆ. ಬೆರಳಿಟ್ಟರೆ ತಗ್ಗುವ, ಕೆಲವೊಮ್ಮೆ ಬರೀ ಪೊರೆಯ ಮೊಟ್ಟೆ ಕೈಗೆ ಬಂದಾಗ ನನಗೆ ಆ ಹೇಂಟೆಯ ಮಧ್ಯಾಹ್ನ ಹೇಗಿತ್ತು ಅಂತ ಗೊತ್ತಾಗುತ್ತದೆ. ಚಿಪ್ಪು ಬಹುಪಾಲು ಕಟ್ಟುವುದು ರಾತ್ರಿ. ಹಾಗಾಗಿ ಚಿಪ್ಪಿನ ಚೂರು, ಸುಣ್ಣಕಲ್ಲಿನ ಹರಳು ಸಂಜೆಯ ಮೇವಿನ ಪಕ್ಕದಲ್ಲಿ ಬೇರೆ ಬಟ್ಟಲಿನಲ್ಲಿರಲಿ. ಅವಕ್ಕೆ ಬೇಕಾದಷ್ಟು ಅವೇ ತಿನ್ನುತ್ತವೆ.

ಮೊಟ್ಟೆ ಎತ್ತುವುದನ್ನು ಸಂಜೆಗೆ ಬಿಡಬಾರದು. ಹುಂಜ ಇರುವ ಹಿಂಡಾದರೆ ಹವೆ 21 ಡಿಗ್ರಿ ದಾಟಿದಲ್ಲೇ ಮೊಟ್ಟೆಯೊಳಗಿನ ಜೀವ ಅಲುಗಾಡಲು ಶುರು. ಕಾವಿಗೆ ಕೂತ ಹೇಂಟೆಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಅದು ಮೊಟ್ಟೆ ಬಿಟ್ಟು ಏಳುವುದೇ ಅಪರೂಪ. ಹಟ ಹಿಡಿದು ಕೂತಲ್ಲೇ ಒಣಗುತ್ತದೆ. ಒಣ ಗಾಳಿ ಮೊಟ್ಟೆಯನ್ನೂ ಒಣಗಿಸುತ್ತದೆ. 21 ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಶೇಕಡ 12ರಿಂದ 14ರಷ್ಟು ನೀರು ಕಳೆದುಕೊಳ್ಳಬೇಕು. ಇಲ್ಲಿ ಅದಕ್ಕಿಂತ ಜಾಸ್ತಿ ಹೋಗಿ, ಒಳಪೊರೆ ಒಣಗಿ, ಚಿಪ್ಪಿಗೆ ತೂತು ಮಾಡಿದ ಮರಿ ಹೊರಗೆ ಬರಲಾಗದೆ ಸಿಕ್ಕಿಕೊಳ್ಳುತ್ತದೆ. ಅದನ್ನು ನೋಡುವುದು ಬಹಳ ಸಂಕಟ. ಬೇಸಿಗೆಯಲ್ಲಿ ಕಾವಿಗೆ ಕೂರಿಸುವುದನ್ನು ನಾನು ಒಪ್ಪುವುದೇ ಇಲ್ಲ. ಹವೆ ಇಳಿದ ಮೇಲೆ ಕೂರಿಸಿದರೆ ತಾಯಿಯೂ ಉಳಿಯುತ್ತದೆ, ಮರಿಗಳೂ ಉಳಿಯುತ್ತವೆ.

ಬಿಸಿಲಿನ ಮಾತು ಇಷ್ಟು ಆಡಿದೆ, ಆದರೆ ಹಗಲಿಗಿಂತ ರಾತ್ರಿ ಬರುವ ಶತ್ರು ಒಂದಿದೆ. ಕೋಳಿ ಉಣ್ಣೆ. ಅರ್ಗಾಸ್ ಪರ್ಸಿಕಸ್ ಅಂತ ಅದರ ಹೆಸರು, ಒಣ ಬಿಸಿ ಸೀಮೆ ಅಂದರೆ ಅದಕ್ಕೆ ಬಲು ಇಷ್ಟ. ಹಗಲು ಕೋಳಿಯ ಮೈ ತಡಕಿದರೆ ದೊಡ್ಡ ಉಣ್ಣೆ ಸಿಗುವುದಿಲ್ಲ, ರೆಕ್ಕೆಯ ಅಡಿ ಅಂಟಿದ ಸಣ್ಣ ಮರಿಗಳಷ್ಟೇ ಕಾಣಬಹುದು. ಕತ್ತಲಾದ ಮೇಲೆ ಟಾರ್ಚು ಹಿಡಿದು ಹೋಗಬೇಕು. ಕೋಳಿ ಕೂರುವ ಕೋಲು ಗೋಡೆಗೆ ಸೇರುವ ಸಂದಿಯಲ್ಲಿ, ಮರದ ಸೀಳಿನಲ್ಲಿ ಚಾಕುವಿನ ತುದಿ ಆಡಿಸಿದರೆ ಚಪ್ಪಟೆಯಾದ, ಕಂದು ಬಣ್ಣದ, ತೊಗಲಿನಂಥ ಜೀವಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿರುತ್ತವೆ. ರಕ್ತ ಕುಡಿದು ಬಂದವು ಉಬ್ಬಿ ನೀಲಿಗೆ ತಿರುಗಿರುತ್ತವೆ. ಕತ್ತಲಲ್ಲಿ ಹೊರಟು, ಕೋಳಿಯ ಮೈಯೇರಿ ಕುಡಿದು, ಬೆಳಗಾಗುವ ಮುಂಚೆ ವಾಪಸ್. ಕೋಳಿ ಬಿಳಿಚಿಕೊಳ್ಳುತ್ತದೆ, ಮೊಟ್ಟೆ ನಿಲ್ಲಿಸುತ್ತದೆ. ಸ್ಪೈರೊಕೀಟೋಸಿಸ್ ಅನ್ನುವ ಜ್ವರವನ್ನೂ ಇವೇ ಹರಡುತ್ತವೆ. ಹಸಿರು ಹಿಕ್ಕೆ, ಜೋಲು ತಲೆ ಕಂಡರೆ ಪಶುವೈದ್ಯರ ಹತ್ತಿರ ಹೋಗಲೇಬೇಕು.

ಗೂಡು ಖಾಲಿ ಬಿಟ್ಟರೆ ಉಣ್ಣೆ ಸಾಯುತ್ತದೆ ಅಂತ ನಂಬಬೇಡಿ. ಏನೂ ತಿನ್ನದೆ ವರ್ಷಗಟ್ಟಲೆ ಸಂದಿಯಲ್ಲಿ ಕಾಯುವ ಶಕ್ತಿ ಅದಕ್ಕಿದೆ. ಸಂದಿಯೇ ಇಲ್ಲದ ಗೂಡು ಕಟ್ಟುವುದು ಒಂದೇ ಗಟ್ಟಿ ಉಪಾಯ. ಕೂರುವ ಕೋಲು ಗೋಡೆಗೆ ತಾಗಬಾರದು. ಕೋಲನ್ನು ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿ, ಆ ಕಾಲುಗಳನ್ನು ಎಣ್ಣೆ ತುಂಬಿದ ಡಬ್ಬಿಗಳಲ್ಲಿ ಇಟ್ಟರೆ ಅವು ಹತ್ತಲಾರವು. ಹೇನು, ಸಣ್ಣ ನುಸಿಗಳ ಮಟ್ಟಿಗೆ ನಾವು ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಣ ಮಣ್ಣಿನಲ್ಲಿ ಹೊರಳಿ, ಪುಕ್ಕದ ಬುಡದ ತನಕ ಧೂಳು ತುಂಬಿಕೊಂಡು, ಎದ್ದು ಕೊಡವಿ ಕೋಳಿ ತಾನೇ ಬಹುಪಾಲು ಕಳೆದುಕೊಳ್ಳುತ್ತದೆ. ಆ ಒಣ ಮಣ್ಣಿಗೆ ಮಾತ್ರ ಇಲ್ಲಿ ಬರ ಇಲ್ಲ.

ನೀರು, ಕಾಳು, ನೆರಳು ಮೂರೂ ಒಂದೇ ಕಡೆ ಇದ್ದರೆ ಸುತ್ತಲಿನ ಜೀವಿಗಳೆಲ್ಲ ಅಲ್ಲಿಗೇ ಬರುತ್ತವೆ. ಗುಬ್ಬಿ ಬರುತ್ತದೆ, ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ರಾತ್ರಿ ಮೇವಿನ ಪಾತ್ರೆ ಒಳಗಿಡುವುದು ಹಾವಿಗೆ ಹಾಕುವ ಮೊದಲ ಬೇಲಿ. ನರಿಗೆ ಸಡಿಲ ಮರಳು ತೋಡುವುದು ಸುಲಭ. ಜಾಲರಿಯನ್ನು ನೆಲದೊಳಗೆ ಒಂದು ಅಡಿ ಇಳಿಸಿ, ಹೊರಗಡೆಗೂ ಸ್ವಲ್ಪ ಹಾಸಿ ಮೇಲೆ ಕಲ್ಲು ಹೇರಬೇಕು. ಚೇಳುಗಳ ವಿಷಯದಲ್ಲಿ ಕೋಳಿಗಳೇ ನಮ್ಮನ್ನು ಕಾಯುತ್ತವೆ, ಕಂಡಲ್ಲಿ ಕುಕ್ಕಿ ತಿನ್ನುತ್ತವೆ.

ಧೂಳಿನ ಬಿರುಗಾಳಿ ಬಂದಾಗ ಗಾಳಿ ಬರುವ ಕಡೆಗೆ ತಾಟು ಇಳಿಬಿಟ್ಟು, ನಿಂತ ಮೇಲೆ ನೀರು ಬದಲಾಯಿಸಿದರೆ ಮುಗಿಯಿತು. ಕೋಳಿಯ ಮೈಯೊಳಗೆ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳೂ ಹರಡಿಕೊಂಡಿವೆ, ಅಷ್ಟು ಧೂಳು ಅವಕ್ಕೆ ಒಳ್ಳೆಯದಲ್ಲ.

ಚಳಿಗಾಲದ ರಾತ್ರಿ ಬೇರೆಯೇ ಪರೀಕ್ಷೆ. ಮೋಡವಿಲ್ಲದ ಆಕಾಶ, ತೇವವಿಲ್ಲದ ಗಾಳಿ. ಹಗಲಿನ ಬಿಸಿಯೆಲ್ಲ ಸಂಜೆಯಾಗುತ್ತಲೇ ಮೇಲಕ್ಕೆ ಹೋಗಿಬಿಡುತ್ತದೆ. ಬೇಸಿಗೆಯಲ್ಲಿ ಜೀವ ಉಳಿಸಿದ ದೊಡ್ಡ ಜುಟ್ಟೇ ನೀರು ಹೆಪ್ಪುಗಟ್ಟುವ ರಾತ್ರಿ ತುದಿ ಕಪ್ಪಾಗಿ ನೋಯುತ್ತದೆ. ಗರಿ ಉದುರಿಸಿ ಹೊಸ ಪುಕ್ಕ ಬರುವ ಹೊತ್ತೂ ಇದರ ಆಸುಪಾಸಿನಲ್ಲೇ. ಹಾಗಾಗಿ ಬೇಸಿಗೆಗೆ ಅಂತ ಪೂರ್ತಿ ತೆರೆದ ಗೂಡಿಗೆ ಕೋಳಿ ಕೂರುವ ಎತ್ತರದಲ್ಲಿ ಇಳಿಬಿಡುವ ಪರದೆ ಇರಬೇಕು, ಮೇಲ್ಗಡೆ ಗಾಳಿ ಆಡುವ ಕಂಡಿ ತೆರೆದೇ ಇರಬೇಕು. ಕೋಲು ಅಗಲವಾಗಿದ್ದರೆ ಕೋಳಿ ತನ್ನ ಎದೆಯ ಪುಕ್ಕದಿಂದ ಬೆರಳುಗಳನ್ನು ಮುಚ್ಚಿ ಕೂರುತ್ತದೆ.

ತಳಿ ಯಾವುದು ಅಂತ ಕೊನೆಗೂ ಕೇಳುತ್ತೀರಿ. ದೊಡ್ಡ ಜುಟ್ಟಿನ, ಹಗುರ ಮೈಯ ಲೆಗ್‌ಹಾರ್ನ್ ಚೆನ್ನಾಗಿ ತಡೆಯುತ್ತದೆ. ಈಜಿಪ್ಟಿನ ಫಯೂಮಿ ಬಿಸಿಲಿಗೇ ಹುಟ್ಟಿದ ತಳಿ, ಚುರುಕು, ರೋಗಕ್ಕೂ ಗಟ್ಟಿ, ಮೊಟ್ಟೆ ಮಾತ್ರ ಸಣ್ಣದು. ಬೋಳು ಕತ್ತಿನ ಕೋಳಿಯನ್ನು ನೋಡಿ ಮುಖ ತಿರುಗಿಸುವವರಿದ್ದಾರೆ. ಆ ಗುಣ ತಾಯಿ ತಂದೆ ಇಬ್ಬರಿಂದಲೂ ಬಂದ ಕೋಳಿಗೆ ಪುಕ್ಕ ಶೇಕಡ 40ರಷ್ಟು ಕಡಿಮೆ. ಇಲ್ಲಿನ ಮಧ್ಯಾಹ್ನಕ್ಕೆ ಅದಕ್ಕಿಂತ ಒಳ್ಳೆಯ ಉಡುಗೆ ಇಲ್ಲ. ಬ್ರಹ್ಮಾ, ಕೊಚಿನ್, ಆರ್ಪಿಂಗ್ಟನ್ ನೋಡಲು ಎಷ್ಟು ಚೆಂದ! ಆದರೆ ಮೈತುಂಬ ದಪ್ಪ ಪುಕ್ಕದ ಆ ಭಾರದ ಕೋಳಿಗಳನ್ನು ಮರಳುಗಾಡಿಗೆ ತರುವುದು ನನ್ನ ಮಟ್ಟಿಗೆ ಕ್ರೂರ ಕೆಲಸ. ಚೆಂದಕ್ಕಾಗಿ ತರಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಎಷ್ಟು ಕೋಳಿ ಅನ್ನುವುದಕ್ಕೆ ನನ್ನ ಹತ್ತಿರ ಒಂದೇ ಅಳತೆ ಇದೆ. ಬೇಸಿಗೆಯ ನಡುವಿನ ಒಂದು ದಿನ, ಮಧ್ಯಾಹ್ನ ಮೂರು ಗಂಟೆಗೆ ಹೊರಗೆ ಹೋಗಿ ನೆರಳಿನ ಅಂಚಿಗೆ ನಾಲ್ಕು ಕಲ್ಲಿಡಿ. ಆ ಕಲ್ಲುಗಳ ಒಳಗೆ ಎಷ್ಟು ಕೋಳಿಗಳು ರೆಕ್ಕೆ ಬಿಚ್ಚಿ, ಒಂದಕ್ಕೊಂದು ತಾಗದೆ ನಿಲ್ಲಬಹುದೋ ಅಷ್ಟೇ ಸಾಕಿ. ಮೊಟ್ಟೆ ಸಾಲದು, ಇನ್ನೂ ಬೇಕು ಅನಿಸಿದರೆ ಪಶ್ಚಿಮಕ್ಕೆ ಇನ್ನೊಂದು ಹಿಪ್ಪುನೇರಳೆ ನೆಟ್ಟು, ಅದು ತಲೆಗಿಂತ ಎತ್ತರ ಬೆಳೆದ ಮೇಲೆ ಮರಿ ತನ್ನಿ. ನಾನೂ ಈಗ ಅದಕ್ಕೇ ಕಾಯುತ್ತಿದ್ದೇನೆ. ಗಿಡ ಸೊಂಟದ ಎತ್ತರಕ್ಕೆ ಬಂದಿದೆ.